ಹಾಳೆ ಓದುವುದು ಮೊದಲೋ, ಕೈ ಪಳಗಿಸುವುದು ಮೊದಲೋ?

ಪ್ರಶ್ನೆ: ಎರಡು ವರ್ಷಗಳಿಂದ ವಿಡಿಯೊ ನೋಡಿ, ಹಾಡು ಕೇಳಿ ಡ್ರಮ್ಸ್ ಕಲಿತಿದ್ದೇನೆ. ಸಾಮಾನ್ಯ ಲಯಗಳನ್ನು ಕೇಳಿದ ಮೇಲೆ ನುಡಿಸಬಲ್ಲೆ. ಈಚೆಗೆ ಸೇರಿದ ವಾದ್ಯವೃಂದದಲ್ಲಿ ಎಲ್ಲರಿಗೂ ನೊಟೇಶನ್ ಹಾಳೆ ಕೊಡುತ್ತಾರೆ. ನನಗೆ ಅದರಲ್ಲಿ ಒಂದು ಸಾಲೂ ಅರ್ಥವಾಗುವುದಿಲ್ಲ. ಇನ್ನೊಂದು ತೊಂದರೆಯೆಂದರೆ, ಮೆಟ್ರೋನೋಮ್ (ಲಯಕ್ಕೆ ಕ್ಲಿಕ್ ಹೊಡೆಯುವ ಯಂತ್ರ) ನಿಮಿಷಕ್ಕೆ 100 ಬೀಟ್ ದಾಟಿದ ಕೂಡಲೇ ಕೈ ಬಿಗಿದುಕೊಂಡು ಮುಂಗೈ ನೋಯುತ್ತದೆ. ದಿನಕ್ಕೆ ಮುಕ್ಕಾಲು ಗಂಟೆ ಸಿಗುತ್ತದೆ. ಮೊದಲು ಓದಲು ಕಲಿಯಲೇ, ಕೈ ಸರಿಪಡಿಸಿಕೊಳ್ಳಲೇ?

ಉತ್ತರ: ಎರಡನ್ನೂ ಬೇರೆ ಮಾಡಬೇಡಿ. ಕೈ ಪಳಗಿಸಲು ನುಡಿಸುವ ಪಾಠವನ್ನೇ ಹಾಳೆಯ ಮೇಲೆ ಬರೆದುಕೊಳ್ಳಿ, ಆ ಹಾಳೆಯನ್ನು ನೋಡುತ್ತಲೇ ನುಡಿಸಿ. ನಿಮ್ಮ ಕೈ ಬಿಗಿಯುತ್ತಿರುವುದು ಶಕ್ತಿ ಸಾಲದೆ ಅಲ್ಲ ಎಂದು ನನ್ನ ಊಹೆ. ಮುಂದಿನ ಪೆಟ್ಟಿಗೆ ಕೈ ಯಾವ ಎತ್ತರದಲ್ಲಿ ಇರಬೇಕು ಎಂಬುದು ಕೈಗೆ ತಡವಾಗಿ ತಿಳಿಯುತ್ತಿದೆ, ಕೊನೆಯ ಗಳಿಗೆಯಲ್ಲಿ ಅದು ಎದ್ದುಬಿದ್ದು ಓಡುತ್ತಿದೆ. ಅದನ್ನು ಮುಂಚಿತವಾಗಿ ತಿಳಿಸುವುದೇ ಹಾಳೆಯ ಕೆಲಸ.

ಓದಲು ಬಾರದೆಯೂ ದೊಡ್ಡ ಡ್ರಮ್ಮರ್ ಆಗಬಹುದಲ್ಲ ಎಂದು ಯಾರಾದರೂ ನಿಮಗೆ ಅಮೆರಿಕದ ಹೆಸರಾಂತ ಜಾಜ್ ಡ್ರಮ್ಮರ್ ಬಡ್ಡಿ ರಿಚ್ ಅವರ ಹೆಸರು ಹೇಳಿಯಾರು. ನಿಜ, ಅವರು ನೊಟೇಶನ್ ಓದುತ್ತಿರಲಿಲ್ಲ. ಹೊಸ ರಚನೆಯನ್ನು ಬೇರೊಬ್ಬ ಡ್ರಮ್ಮರ್ ನುಡಿಸುವಾಗ ಕೇಳಿಸಿಕೊಂಡು, ಆಮೇಲೆ ತಾವು ಕುಳಿತು ನುಡಿಸುತ್ತಿದ್ದರು. ಅಂಥ ಕಿವಿಯೂ, ನಿಮಗಾಗಿ ಮೊದಲು ನುಡಿಸಿ ತೋರಿಸಲು ಇನ್ನೊಬ್ಬ ಡ್ರಮ್ಮರೂ ಇದ್ದರೆ ಈ ಉತ್ತರವನ್ನು ಇಲ್ಲಿಗೇ ನಿಲ್ಲಿಸಬಹುದು.

ಹಾಳೆಯಲ್ಲಿ ಸುಲಭವಾದ ಭಾಗವನ್ನು ಬೇಗ ಮುಗಿಸೋಣ. ಐದು ಗೆರೆಗಳು, ನಡುವೆ ನಾಲ್ಕು ಸಂದುಗಳು. ಸಾಲಿನ ಆರಂಭದಲ್ಲಿ ಎರಡು ದಪ್ಪ ಲಂಬ ಗೆರೆಗಳಿದ್ದರೆ ಅದು ತಾಳವಾದ್ಯದ ಹಾಳೆ. ಇಲ್ಲಿ ಗೆರೆ ಮತ್ತು ಸಂದುಗಳು ಸ್ವರದ ಏರಿಳಿತವನ್ನಲ್ಲ, ಯಾವುದನ್ನು ಹೊಡೆಯಬೇಕು ಎಂಬುದನ್ನು ಹೇಳುತ್ತವೆ. ಎಲ್ಲಕ್ಕಿಂತ ಕೆಳಗಿನ ಸಂದಿನಲ್ಲಿ ಬಾಸ್ ಡ್ರಮ್ (ಪಾದದಿಂದ ಹೊಡೆಯುವ ದೊಡ್ಡ ಡ್ರಮ್), ಎರಡನೆಯದರಲ್ಲಿ ಫ್ಲೋರ್ ಟಾಮ್ (ನೆಲದ ಮೇಲೆ ನಿಲ್ಲುವ ಡ್ರಮ್), ಮೂರನೆಯದರಲ್ಲಿ ಸ್ನೇರ್ (ಎದುರಿಗಿರುವ, ಚುರುಕು ಸದ್ದಿನ ಡ್ರಮ್), ನಾಲ್ಕನೆಯದರಲ್ಲಿ ಚಿಕ್ಕ ಟಾಮ್. ಗುಂಡು ತಲೆಯ ಬದಲು ಗುಣಾಕಾರದ ಗುರುತು ಇದ್ದರೆ ಅದು ಸಿಂಬಲ್, ಅಂದರೆ ಲೋಹದ ತಟ್ಟೆ: ಮೇಲಿನ ಗೆರೆಯ ಮೇಲೆಯೇ ಕುಳಿತಿದ್ದರೆ ರೈಡ್, ಗೆರೆಗೆ ತಾಗಿ ಅದರ ಮೇಲ್ಗಡೆ ಇದ್ದರೆ ಹೈ-ಹ್ಯಾಟ್ ಎಂಬ ಜೋಡಿ ತಟ್ಟೆ, ಇನ್ನೂ ಮೇಲೆ ಪುಟ್ಟ ಗೆರೆಯೊಂದನ್ನು ಚುಚ್ಚಿಕೊಂಡಿದ್ದರೆ ಕ್ರ್ಯಾಶ್. ಕಾಲಿನಿಂದ ಮುಚ್ಚುವ ಹೈ-ಹ್ಯಾಟ್ ಐದೂ ಗೆರೆಗಳ ಕೆಳಗೆ. ಡ್ರಮ್ಸ್ ಮುಂದೆ ಕುಳಿತಾಗ ಪಾದ ಕೆಳಗೆ, ಸಿಂಬಲ್ ಮೇಲೆ ಇರುವಂತೆಯೇ ಹಾಳೆಯೂ ಇದೆ. ತಾಳವಾದ್ಯಗಾರರ ಸಂಸ್ಥೆಯಾದ ಪರ್ಕಸಿವ್ ಆರ್ಟ್ಸ್ ಸೊಸೈಟಿ 1998ರಲ್ಲಿ ಈ ಸ್ಥಾನಗಳಿಗೊಂದು ಮಾರ್ಗದರ್ಶಿ ಪ್ರಕಟಿಸಿದ್ದರೂ ಎಲ್ಲರೂ ಅದನ್ನೇ ಪಾಲಿಸುವುದಿಲ್ಲ. ಆದ್ದರಿಂದ ಯಾವ ಹಾಳೆ ಕೈಗೆ ಬಂದರೂ ಮೊದಲು ಅದರ ಸ್ಥಾನಸೂಚಿಯನ್ನು ನೋಡಿ. ಇದಕ್ಕೆಲ್ಲ ಒಂದು ಸಂಜೆ ಸಾಕು. ಅನೇಕರು ಇಲ್ಲೇ ವಾರಗಟ್ಟಲೆ ಉರುಹೊಡೆಯುತ್ತ ಕೂರುತ್ತಾರೆ. ಏನನ್ನು ಹೊಡೆಯಬೇಕು ಎಂಬುದು ಬೇಗ ಬರುತ್ತದೆ. ಯಾವಾಗ ಹೊಡೆಯಬೇಕು ಎಂಬುದೇ ನಿಜವಾದ ಓದು.

ಆ "ಯಾವಾಗ" ಎಂಬುದನ್ನು ಕಣ್ಣಿಗಿಂತ ಮೊದಲು ಬಾಯಿಗೆ ಕಲಿಸಿ. ಬರಿಯ ಕಡ್ಡಿಯಿರುವ ಕಪ್ಪು ನೋಟ್ ಒಂದು ಬೀಟ್, ಒಂದು ಅಡ್ಡಪಟ್ಟಿ ಇದ್ದರೆ ಅರ್ಧ ಬೀಟ್, ಎರಡು ಪಟ್ಟಿ ಇದ್ದರೆ ಕಾಲು ಬೀಟ್. ಶಿಕ್ಷಕರು ಇವನ್ನು ಕ್ರಮವಾಗಿ ಕ್ವಾರ್ಟರ್, ಏಯ್ತ್, ಸಿಕ್ಸ್‌ಟೀನ್ತ್ ಎನ್ನುತ್ತಾರೆ. ಇಂಗ್ಲಿಷ್ ಪಾಠಗಳಲ್ಲಿ ಒಂದು ಬೀಟಿನ ನಾಲ್ಕು ಕಾಲುಗಳನ್ನು "ಒನ್-ಈ-ಆ್ಯಂಡ್-ಅ" ಎಂದು ಎಣಿಸುತ್ತಾರೆ. ನಾನು ಶಿಫಾರಸು ಮಾಡುವುದು ತ-ಕ-ದಿ-ಮಿ. ನಮ್ಮ ನಾಲಿಗೆಗೆ ಸಲೀಸು ಎಂಬುದಷ್ಟೇ ಕಾರಣವಲ್ಲ. 1996ರಲ್ಲಿ ಅಮೆರಿಕದ ಮೂವರು ಸಂಗೀತ ಶಿಕ್ಷಕರು ಇದೇ ಅಕ್ಷರಗಳನ್ನು ಎತ್ತಿಕೊಂಡು ಪಾಶ್ಚಾತ್ಯ ಲಯ ಕಲಿಸುವ ಪದ್ಧತಿಯೊಂದನ್ನು ಮುಂದಿಟ್ಟರು. ಅದರ ನಿಯಮ ಸರಳ: ಅಕ್ಷರ ಹೇಳುವುದು ನೋಟಿನ ಉದ್ದವನ್ನಲ್ಲ, ಬೀಟಿನೊಳಗೆ ಅದರ ಜಾಗವನ್ನು. ಬೀಟಿನ ತಲೆ ಯಾವಾಗಲೂ "ತ", ಸರಿಯಾದ ಅರ್ಧ ಯಾವಾಗಲೂ "ದಿ". ಎರಡು ಅರ್ಧಗಳಿದ್ದರೆ "ತ-ದಿ", ಅರ್ಧ ಮತ್ತು ಎರಡು ಕಾಲುಗಳಿದ್ದರೆ "ತ-ದಿಮಿ", ಎರಡು ಕಾಲು ಮತ್ತು ಒಂದು ಅರ್ಧ ಇದ್ದರೆ "ತಕ-ದಿ". ಬೀಟ್ ಮೂರು ಸಮಭಾಗವಾದಾಗ "ತ-ಕಿ-ದ". ಈ ಕೆಲವೇ ಆಕಾರಗಳು ಬಾಯಿಗೆ ಹತ್ತಿದರೆ ಸಾಮಾನ್ಯ ಹಾಳೆಯ ಬಹುಪಾಲು ನಿಮ್ಮದೇ. ಓದು ಬಲ್ಲವರು ಒಂದೊಂದೇ ನೋಟನ್ನು ಎಣಿಸುತ್ತ ಕೂರುವುದಿಲ್ಲ, ಒಂದು ಬೀಟಿನ ಗುಂಪನ್ನು ಒಟ್ಟಿಗೆ ಗುರುತಿಸುತ್ತಾರೆ.

ಕಿವಿಯಿಂದ ಕಲಿತ ನಿಮಗೆ ಒಂದು ದೊಡ್ಡ ಅನುಕೂಲವಿದೆ: ನಿಮಗೆ ಈಗಾಗಲೇ ನುಡಿಸಲು ಬರುವ ಲಯಗಳಿವೆ. ಹೊಸ ಪುಸ್ತಕ ತೆರೆಯುವ ಮೊದಲು ಅವನ್ನೇ ಬರೆಯಿರಿ. ಚೌಕುಳಿ ಹಾಳೆಯಲ್ಲಿ ಹದಿನಾರು ಚೌಕಗಳ ಒಂದು ಸಾಲು ತೆಗೆದುಕೊಂಡರೆ ನಾಲ್ಕು ಬೀಟಿನ ಒಂದು ಬಾರ್ ಆಯಿತು. ಪ್ರತಿ ನಾಲ್ಕು ಚೌಕಗಳ ಮೇಲೆ ತ, ಕ, ದಿ, ಮಿ ಎಂದು ಬರೆದು, ಹೈ-ಹ್ಯಾಟ್‌ಗೊಂದು, ಸ್ನೇರ್‌ಗೊಂದು, ಬಾಸ್ ಡ್ರಮ್‌ಗೊಂದು ಸಾಲು ಮಾಡಿ ಗುರುತು ಹಾಕಿ.

ಉದಾಹರಣೆಗೆ ಈ ಬಾರ್ ತೆಗೆದುಕೊಳ್ಳಿ. ಹೈ-ಹ್ಯಾಟ್ ಪ್ರತಿ "ತ" ಮತ್ತು "ದಿ" ಮೇಲೆ, ಅಂದರೆ ಬಾರ್‌ಗೆ ಎಂಟು ಪೆಟ್ಟು. ಸ್ನೇರ್ ಎರಡನೆಯ ಮತ್ತು ನಾಲ್ಕನೆಯ ಬೀಟಿನ "ತ" ಮೇಲೆ. ಬಾಸ್ ಡ್ರಮ್ ಮೂರು ಕಡೆ: ಮೊದಲ ಬೀಟಿನ "ತ", ಎರಡನೆಯ ಬೀಟಿನ "ಮಿ", ಮೂರನೆಯ ಬೀಟಿನ "ದಿ". ಇದರಲ್ಲಿ ಕಾಲು ಜಾರುವ ಜಾಗ ಒಂದೇ, ಎರಡನೆಯ ಬೀಟಿನ "ಮಿ". ಅಲ್ಲಿ ಬಲಗಾಲು ಒಂಟಿ. ಹಿಂದಿನ "ದಿ"ಯಲ್ಲಿ ಹೈ-ಹ್ಯಾಟ್ ಆಗಿಹೋಗಿದೆ, ಮುಂದಿನದು ಮೂರನೆಯ "ತ"ಗೆ ಬರಬೇಕು. ಕಾಲು ಬಿದ್ದ ಕೂಡಲೇ ಬಲಗೈಯೂ ಜೊತೆಗೆ ಬೀಳಲು ಹವಣಿಸುತ್ತದೆ. ಇಡೀ ಬಾರನ್ನು ನೂರು ಸಲ ನುಡಿಸಿದರೆ ಆ ತಪ್ಪು ಗಟ್ಟಿಯಾಗುತ್ತದೆ ಅಷ್ಟೇ. ಬದಲಿಗೆ ಎರಡನೆಯ ಬೀಟಿನ "ದಿ", "ಮಿ", ಮೂರನೆಯ ಬೀಟಿನ "ತ", ಈ ಮೂರನ್ನು ಮಾತ್ರ ಕತ್ತರಿಸಿ ತೆಗೆದು ನಿಧಾನವಾಗಿ ಕೈ, ಕಾಲು, ಕೈ ಎಂದು ನುಡಿಸಿ. ಅದು ಸರಿಹೋದ ಮೇಲೆ ಹಿಂದೆ ಒಂದು ಬೀಟ್, ಮುಂದೆ ಒಂದು ಬೀಟ್ ಸೇರಿಸಿ.

ಈಗ ಇದೇ ಬಾರನ್ನು ಐದು ಗೆರೆಯ ಮೇಲೆ ಬರೆಯುವಾಗ ಹೊಸಬರನ್ನು ಗಲಿಬಿಲಿಗೊಳಿಸುವ ಒಂದು ಸಂಗತಿ ಎದುರಾಗುತ್ತದೆ. ಕೆಲವರು ಕೈಗಳ ನೋಟ್‌ಗಳಿಗೆ ಕಡ್ಡಿಯನ್ನು ಮೇಲಕ್ಕೂ ಕಾಲುಗಳದಕ್ಕೆ ಕೆಳಕ್ಕೂ ಎಳೆಯುತ್ತಾರೆ. ಹಾಗೆ ಬರೆದರೆ ಮೇಲೆ ಎಂಟು ಅರ್ಧ ಬೀಟ್‌ಗಳು ಸಾಲಾಗಿ ಕಾಣುತ್ತವೆ. ಕೆಳಗೆ ಎರಡನೆಯ ಬೀಟಿನಲ್ಲಿ ಮುಕ್ಕಾಲು ಬೀಟಿನ ಚುಕ್ಕೆ ಇಟ್ಟ ವಿರಾಮ ಚಿಹ್ನೆ, ಅದರ ನಂತರ ಒಂದು ಕಾಲು ಬೀಟಿನ ಬಾಸ್ ಡ್ರಮ್ ನೋಟ್. ಇನ್ನು ಕೆಲವರು ಎಲ್ಲ ಕಡ್ಡಿಗಳನ್ನೂ ಮೇಲಕ್ಕೇ ಎಳೆದು ಒಟ್ಟಿಗೆ ಕಟ್ಟುತ್ತಾರೆ. ಆಗ ಎರಡನೆಯ ಬೀಟ್ "ತ-ದಿಮಿ" ಆಗುತ್ತದೆ: ಹೈ-ಹ್ಯಾಟ್ ಮತ್ತು ಸ್ನೇರ್ ಒಟ್ಟಿಗೆ ಒಂದು ಅರ್ಧ, ಹೈ-ಹ್ಯಾಟ್ ಒಂದು ಕಾಲು, ಬಾಸ್ ಡ್ರಮ್ ಒಂದು ಕಾಲು. ಅದೇ ಹೈ-ಹ್ಯಾಟ್ ಪೆಟ್ಟು ಒಂದು ಹಾಳೆಯಲ್ಲಿ ಅರ್ಧ ಬೀಟ್, ಇನ್ನೊಂದರಲ್ಲಿ ಕಾಲು ಬೀಟ್! ಕೇಳಿಸುವುದರಲ್ಲಿ ಮಾತ್ರ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕೊಳಲು ಅಥವಾ ಪಿಟೀಲಿನ ಹಾಳೆಯಲ್ಲಿ ನೋಟಿನ ಉದ್ದವೆಂದರೆ ನಾದ ನಿಲ್ಲುವ ಕಾಲ. ಡ್ರಮ್ಸ್‌ನಲ್ಲಿ ಹೊಡೆದ ಮೇಲೆ ನಾದ ನಮ್ಮ ಕೈಯಲ್ಲಿಲ್ಲ. ನೋಟಿನ ಉದ್ದ ಮುಂದಿನ ಪೆಟ್ಟು ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಅರ್ಧ ಬೀಟಿನ ನೋಟ್ ಆಗಲಿ, ಕಾಲು ಬೀಟಿನ ನೋಟಿನ ನಂತರ ಕಾಲು ಬೀಟಿನ ವಿರಾಮ ಆಗಲಿ, ಸ್ನೇರ್ ಮೇಲೆ ಎರಡೂ ಒಂದೇ. ಇದು ಮನದಟ್ಟಾದರೆ ಹಾಳೆಯ ಮೇಲಿನ ಭಯ ಅರ್ಧ ಇಳಿಯುತ್ತದೆ.

ಉಳಿದ ಸಣ್ಣ ಚಿಹ್ನೆಗಳು ಎದುರಾದಂತೆ ಕಲಿಯಿರಿ. ಆವರಣದೊಳಗಿನ ಸ್ನೇರ್ ನೋಟ್ ಬಹಳ ಮೆಲ್ಲಗೆ, ಹೈ-ಹ್ಯಾಟ್ ಮೇಲೆ ಪುಟ್ಟ ಸೊನ್ನೆಯಿದ್ದರೆ ತೆರೆದು, ಕೂಡಿಸುವ ಗುರುತಿದ್ದರೆ ಮುಚ್ಚಿ. ದೊಡ್ಡ ನೋಟಿಗೆ ಅಂಟಿಕೊಂಡ ಒಂದು ಮರಿ ನೋಟ್ ಇದ್ದರೆ ಫ್ಲ್ಯಾಮ್ (ಮುಖ್ಯ ಪೆಟ್ಟಿಗೆ ತುಸು ಮೊದಲು ಒಂದು ಮೆಲು ಪೆಟ್ಟು), ಎರಡು ಇದ್ದರೆ ಡ್ರ್ಯಾಗ್.

ಇನ್ನು ಕೈಯ ವಿಚಾರ. ಒಂದು ಚಿಹ್ನೆಯನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ: ನೋಟಿನ ಮೇಲೆ ಅಡ್ಡಡ್ಡ ಮಲಗಿದ ಬಾಣದ ಮೊನೆಯಂಥ ಗುರುತು, ಆಕ್ಸೆಂಟ್. ಅದರ ಅರ್ಥ "ಇಲ್ಲಿ ಜೋರಾಗಿ" ಎಂದು ಎಲ್ಲರೂ ಹೇಳಿಕೊಡುತ್ತಾರೆ. ಆದರೆ ಜೋರು ಬರುವುದು ಎತ್ತರದಿಂದ. ಸ್ಟಿಕ್ ಎತ್ತರದಲ್ಲಿರಬೇಕಾದರೆ ಅದೇ ಕೈಯ ಹಿಂದಿನ ಪೆಟ್ಟು ಮುಗಿದಾಗಲೇ ಅದು ಮೇಲೆ ಹೋಗಿರಬೇಕು. ಹಾಗಾಗಿ ಆಕ್ಸೆಂಟ್ ಗುರುತು ತಾನಿರುವ ನೋಟಿಗಷ್ಟೇ ಅಲ್ಲ, ಆ ಕೈಯ ಹಿಂದಿನ ಪೆಟ್ಟಿಗೂ ಕೊಟ್ಟ ಸೂಚನೆ. ಡ್ರಮ್ಮರ್‌ಗಳು ಪೆಟ್ಟುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಮೇಲಿಂದ ಬಂದು ಮೇಲಕ್ಕೇ ಹೋಗುವುದು ಫುಲ್, ಮೇಲಿಂದ ಬಂದು ಕೆಳಗೇ ನಿಲ್ಲುವುದು ಡೌನ್, ಕೆಳಗೇ ಹುಟ್ಟಿ ಕೆಳಗೇ ಉಳಿಯುವುದು ಟ್ಯಾಪ್, ಕೆಳಗಿಂದ ಮೆಲ್ಲಗೆ ತಾಗಿ ಮೇಲಕ್ಕೆ ಏಳುವುದು ಅಪ್.

ಪ್ಯಾರಾಡಿಡಲ್ ಎಂಬ ಕೈ ಪಾಠವನ್ನು ಇದರಲ್ಲಿ ಬಿಡಿಸಿ ನೋಡಿ. ಕ್ರಮ ಹೀಗೆ: ಬಲ ಎಡ ಬಲ ಬಲ, ಎಡ ಬಲ ಎಡ ಎಡ. ಹಾಳೆಯಲ್ಲಿ ನೋಟ್‌ಗಳ ಕೆಳಗೆ ಇಂಗ್ಲಿಷಿನ ಆರ್, ಎಲ್ ಅಕ್ಷರಗಳಿರುತ್ತವೆ. ಆಕ್ಸೆಂಟ್ ಪ್ರತಿ ನಾಲ್ಕರ ಮೊದಲ ಪೆಟ್ಟಿಗೆ. ಮೊದಲ ಬಲ ಜೋರು, ಅದರ ನಂತರ ಬಲಗೈಗೆ ಮೆಲು ಪೆಟ್ಟುಗಳೇ ಇರುವುದರಿಂದ ಅದು ಡೌನ್. ಎರಡನೆಯದು ಎಡಗೈಯ ಮೆಲು ಪೆಟ್ಟು, ಆದರೆ ಎಡಗೈ ಮತ್ತೆ ಹೊಡೆಯುವುದು ಐದನೆಯದಾಗಿ, ಅಲ್ಲಿ ಆಕ್ಸೆಂಟ್ ಕಾದಿದೆ. ಆದ್ದರಿಂದ ಎರಡನೆಯದು ಅಪ್. ಮೂರು ಮತ್ತು ನಾಲ್ಕು ಬಲಗೈಯ ಟ್ಯಾಪ್‌ಗಳು. ಮುಂದಿನ ನಾಲ್ಕು ಇದರದೇ ಕನ್ನಡಿ ಪ್ರತಿಬಿಂಬ. ಒಟ್ಟಿನಲ್ಲಿ ಡೌನ್, ಅಪ್, ಟ್ಯಾಪ್, ಟ್ಯಾಪ್.

ಈಗ ನಿಮ್ಮ 100ರ ಲೆಕ್ಕ ಹಾಕೋಣ. ಆ ವೇಗದಲ್ಲಿ ಒಂದು ಬೀಟ್ 0.6 ಸೆಕೆಂಡ್, ಕಾಲು ಬೀಟ್ 0.15 ಸೆಕೆಂಡ್. ಎರಡನೆಯ ಪೆಟ್ಟಿನಿಂದ ಐದನೆಯದರ ತನಕ ಎಡಗೈಗೆ 0.45 ಸೆಕೆಂಡ್ ಬಿಡುವು ಸಿಗುತ್ತದೆ. ಎರಡನೆಯ ಪೆಟ್ಟಿನ ಪುಟಿತದ ಜೊತೆಗೇ ಕೈ ಎದ್ದರೆ ಇದು ಧಾರಾಳವಾಯಿತು. ಕೈ ಕೆಳಗೇ ಉಳಿದು, ಐದನೆಯ ಪೆಟ್ಟಿನ ಹೊತ್ತಿಗೆ ಎಚ್ಚರವಾದರೆ? ಕಣ್ಣು ಮಿಟುಕಿಸುವಷ್ಟರಲ್ಲಿ ಎತ್ತಿ ಹೊಡೆಯಬೇಕು. ಅದನ್ನು ಮುಂಗೈಯ ಸ್ನಾಯು ಹಿಂಡಿಯೇ ಮಾಡಬೇಕಾಗುತ್ತದೆ. ನಿಧಾನದಲ್ಲಿ ಈ ತಡ ಮುಚ್ಚಿಹೋಗುತ್ತದೆ, 100ರಲ್ಲಿ ಬಯಲಾಗುತ್ತದೆ. ಅಭ್ಯಾಸದ ರಬ್ಬರ್ ಪ್ಯಾಡ್ ಮೇಲೆ 50ರ ವೇಗದಲ್ಲಿ, ಪ್ರತಿ ಪೆಟ್ಟು ಮುಗಿದಾಗ ಎರಡೂ ಸ್ಟಿಕ್‌ಗಳ ತುದಿ ಎಷ್ಟು ಎತ್ತರದಲ್ಲಿವೆ ಎಂದು ನೋಡುತ್ತ ನುಡಿಸಿ. ಎರಡನೆಯ ಪೆಟ್ಟಿನ ಕೊನೆಗೆ ಎಡ ಸ್ಟಿಕ್ ಮೇಲೆ, ಬಲ ಸ್ಟಿಕ್ ಪ್ಯಾಡಿಗೆ ಹತ್ತಿರ ಇರಬೇಕು. ಕನ್ನಡಿ ಮುಂದೆ ಕುಳಿತರೆ ಇನ್ನೂ ಒಳ್ಳೆಯದು. ಆಮೇಲೆ ಹಾಳೆಯಲ್ಲಿ ಆಕ್ಸೆಂಟನ್ನು ಎರಡನೆಯ ಅಥವಾ ಮೂರನೆಯ ಪೆಟ್ಟಿಗೆ ಸರಿಸಿ, ಯಾವುದು ಡೌನ್, ಯಾವುದು ಅಪ್ ಎಂದು ನೀವೇ ಬರೆದು ನುಡಿಸಿ. ಓದು ಮತ್ತು ಕೈ ಒಂದೇ ಅಭ್ಯಾಸ ಎಂದದ್ದು ಇದಕ್ಕೆ.

ಹಿಡಿತವನ್ನು ಪರೀಕ್ಷಿಸಲು ಒಂದು ಸುಲಭ ದಾರಿ ಇದೆ. ಸ್ಟಿಕ್ಕಿನ ದಪ್ಪ ತುದಿಯಿಂದ ಸುಮಾರು ಮೂರನೇ ಒಂದು ಭಾಗದಷ್ಟು ದೂರದಲ್ಲಿ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು, ಉಳಿದ ಬೆರಳುಗಳನ್ನು ಸುಮ್ಮನೆ ತಾಗಿಸಿಡಿ. ತುದಿಯನ್ನು ಪ್ಯಾಡ್ ಮೇಲೆ ಬೀಳಬಿಟ್ಟು ಅದು ತಾನಾಗಿ ಎಷ್ಟು ಸಲ ಪುಟಿಯುತ್ತದೆ ನೋಡಿ. ಹಲವು ಸಲ ಪುಟಿದು ತಣ್ಣಗಾದರೆ ಹಿಡಿತ ಸರಿಯಿದೆ. ಎರಡೇ ಸಲಕ್ಕೆ ಸತ್ತರೆ ಎಲ್ಲೋ ಹಿಂಡುತ್ತಿದ್ದೀರಿ. ಪ್ಯಾರಾಡಿಡಲ್‌ನ ಕೊನೆಯ ಎರಡು ಪೆಟ್ಟುಗಳ ನಡುವೆ 100ರಲ್ಲಿ ಇರುವುದು ಬರೀ 0.15 ಸೆಕೆಂಡ್, ಎರಡನೆಯದಕ್ಕೆ ಮಣಿಕಟ್ಟನ್ನು ಮತ್ತೆ ಪೂರ್ತಿ ಎತ್ತಬೇಡಿ, ಪುಟಿದು ಬಂದ ಸ್ಟಿಕ್ಕನ್ನು ಬೆರಳುಗಳು ಮತ್ತೆ ಕೆಳಕ್ಕೆ ತಳ್ಳಲಿ. ದಿಂಬಿನ ಮೇಲೆ ಅಭ್ಯಾಸ ಮಾಡಿದರೆ ಬಲ ಬರುತ್ತದೆ ಎಂಬ ಸಲಹೆಯೂ ನಿಮ್ಮ ಕಿವಿಗೆ ಬಿದ್ದಿರಬಹುದು. ದಿಂಬಿಗೆ ಪುಟಿತವೇ ಇಲ್ಲ, ಪ್ರತಿ ಪೆಟ್ಟನ್ನೂ ಕೈಯೇ ಎತ್ತಬೇಕು. ಈಗಾಗಲೇ ಬಿಗಿದ ಕೈಗೆ ಅದು ಬೇಡ.

ನೋವಿನ ಬಗ್ಗೆ ರಾಜಿ ಇಲ್ಲ. ದಣಿವು ಬೇರೆ, ನೋವು ಬೇರೆ. ನೋವು ಕಾಣಿಸಿದ ಕೂಡಲೇ ಸ್ಟಿಕ್ ಕೆಳಗಿಡಿ. ಬೆರಳು ಜೋಮು ಹಿಡಿದರೆ, ಚುಚ್ಚಿದಂತಾದರೆ, ನೋವು ಮರುದಿನವೂ ಉಳಿದರೆ ವೈದ್ಯರನ್ನು ಕಾಣಿ. ಅಭ್ಯಾಸದಿಂದ ಅದನ್ನು ಗೆಲ್ಲಲು ಹೋಗಬೇಡಿ. ಕಿವಿಗೂ ಇದೇ ಮಾತು. ಮುಚ್ಚಿದ ಕೋಣೆಯಲ್ಲಿ ಡ್ರಮ್ಸ್ ಸದ್ದು ಸಲೀಸಾಗಿ 100 ಡೆಸಿಬೆಲ್ ಮುಟ್ಟುತ್ತದೆ. 85 ಡೆಸಿಬೆಲ್‌ಗೆ ದಿನಕ್ಕೆ ಎಂಟು ಗಂಟೆ, ಆಮೇಲೆ ಪ್ರತಿ 3 ಡೆಸಿಬೆಲ್‌ಗೆ ಅವಧಿ ಅರ್ಧ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. ಆ ಲೆಕ್ಕದಲ್ಲಿ 100ಕ್ಕೆ ಸಿಗುವುದು ಹದಿನೈದೇ ನಿಮಿಷ. ಇಯರ್ ಪ್ಲಗ್ ಹಾಕಿಕೊಳ್ಳಿ.

ಮೆಟ್ರೋನೋಮ್ ಅನ್ನು ವೇಗ ಅಳೆಯುವ ಯಂತ್ರವಾಗಿ ಮಾತ್ರ ನೋಡುವವರೇ ಹೆಚ್ಚು. 60ರಲ್ಲಿ ಆರಂಭಿಸಿ, ಕೆಲವು ನಿಮಿಷ ಎಡೆಬಿಡದೆ ಭುಜ, ದವಡೆ, ಹೆಬ್ಬೆರಳು ಮೂರೂ ಸಡಿಲವಾಗಿದ್ದರೆ ನಾಲ್ಕು ಅಂಕ ಏರಿಸಿ. ದವಡೆ ಏಕೆಂದರೆ ಕೈ ಹಿಂಡುವವರು ಹಲ್ಲನ್ನೂ ಕಚ್ಚುತ್ತಾರೆ. ಬಿಗಿತ ಬಂದರೆ ಎಂಟು ಅಂಕ ಇಳಿಸಿ. ಆಮೇಲೆ ಇನ್ನೊಂದು ಪ್ರಯೋಗ ಮಾಡಿ: ಕ್ಲಿಕ್ ಬೀಳುವುದು "ತ" ಮೇಲಲ್ಲ, "ದಿ" ಮೇಲೆ ಎಂದುಕೊಂಡು ನುಡಿಸಿ. ಅರ್ಧ ಬೀಟ್ ಎಲ್ಲಿದೆ ಎಂಬುದು ನಿಮ್ಮೊಳಗೆ ಕೂತಿದೆಯೋ ಇಲ್ಲವೋ ಕೂಡಲೇ ಗೊತ್ತಾಗುತ್ತದೆ.

ರೂಡಿಮೆಂಟ್‌ಗಳ (ಡ್ರಮ್ಸ್‌ನ ಮೂಲ ಕೈ ಪಾಠಗಳ) ಪಟ್ಟಿ ನೋಡಿ ಹೆದರಬೇಡಿ. 1933ರಲ್ಲಿ ಷಿಕಾಗೋದಲ್ಲಿ ಹುಟ್ಟಿದ ಡ್ರಮ್ಮರ್‌ಗಳ ಸಂಘ 26ನ್ನು ಗುರುತಿಸಿತು. ಪರ್ಕಸಿವ್ ಆರ್ಟ್ಸ್ ಸೊಸೈಟಿ 1984ರಲ್ಲಿ ಅದನ್ನು 40ಕ್ಕೆ ಬೆಳೆಸಿತು. ನಿಮಗೆ ಈ ವರ್ಷಕ್ಕೆ ಸಿಂಗಲ್ (ಕೈಗೆ ಒಂದೊಂದು ಪೆಟ್ಟು), ಡಬಲ್ (ಕೈಗೆ ಎರಡೆರಡು), ಪ್ಯಾರಾಡಿಡಲ್, ಫ್ಲ್ಯಾಮ್ ಸಾಕು.

ಮುಕ್ಕಾಲು ಗಂಟೆಯನ್ನು ನಾನಾದರೆ ಹೀಗೆ ಕಳೆಯುತ್ತೇನೆ: ಮೊದಲ ಇಪ್ಪತ್ತು ನಿಮಿಷ ಪ್ಯಾಡ್ ಮೇಲೆ ಬರೆದಿಟ್ಟ ಆಕ್ಸೆಂಟ್ ಪಾಠ, ಬಾಯಲ್ಲಿ ತಕದಿಮಿ ಹೇಳುತ್ತ. ಆಮೇಲೆ ಹತ್ತು ನಿಮಿಷ ಹೊಸ ಹಾಳೆಯ ಓದು. ಉಳಿದದ್ದು ಪೂರ್ತಿ ಡ್ರಮ್ಸ್ ಮೇಲೆ, ಬೇಕಾದ ಹಾಡು. ಆ ಹತ್ತು ನಿಮಿಷದ ಓದಿನಲ್ಲಿ ಕಿವಿಯವರು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ. ನಿಮ್ಮ ಕಿವಿ ಚುರುಕು. ಒಂದು ಸಾಲನ್ನು ಮೂರು ಸಲ ನುಡಿಸಿದರೆ ಬಾಯಿಪಾಠವಾಗುತ್ತದೆ, ಕಣ್ಣು ಹಾಳೆಯ ಮೇಲಿದ್ದರೂ ಓದುತ್ತಿರುವುದಿಲ್ಲ. ಅದಕ್ಕೆ ಪುಟವನ್ನು ಕೊನೆಯ ಬಾರ್‌ನಿಂದ ಮೊದಲ ಬಾರ್‌ನ ಕಡೆಗೆ ಓದಿ, ಒಂದು ಬಾರ್ ಬಿಟ್ಟು ಒಂದು ಬಾರ್ ಓದಿ. ತಪ್ಪಿದರೆ ನಿಲ್ಲಬೇಡಿ, ಹಿಂದಕ್ಕೆ ಹೋಗಿ ತಿದ್ದಬೇಡಿ. ಮುಂದಿನ ಬೀಟಿನ "ತ" ಹಿಡಿದುಕೊಳ್ಳಿ. ವಾದ್ಯವೃಂದ ನಿಮಗಾಗಿ ಕಾಯುವುದಿಲ್ಲ. ಕೈ ಒಂದು ಬೀಟಿನಲ್ಲಿರುವಾಗ ಕಣ್ಣು ಮುಂದಿನ ಬೀಟಿನಲ್ಲಿರಬೇಕು. ಸಹಾಯಕರೊಬ್ಬರು ಸಿಕ್ಕರೆ ನೀವು ನುಡಿಸುತ್ತಿರುವ ಬೀಟನ್ನು ಅವರು ಪೋಸ್ಟ್‌ಕಾರ್ಡಿನಿಂದ ಮುಚ್ಚುತ್ತ ಹೋಗಲಿ, ಕಣ್ಣು ತಾನಾಗಿ ಮುಂದಕ್ಕೆ ಓಡುತ್ತದೆ.

ಕೊನೆಯದಾಗಿ ನಿಮ್ಮ ವಾದ್ಯವೃಂದದ ಹಾಳೆ. ಅದರಲ್ಲಿ ಪ್ರತಿ ಪೆಟ್ಟನ್ನೂ ಬರೆದಿರುವುದು ಅಪರೂಪ. ಒಂದು ಬಾರ್ ಬರೆದು, ಆಮೇಲಿನ ಬಾರ್‌ಗಳಲ್ಲಿ ಶೇಕಡಾ ಗುರುತಿನಂಥ ಚಿಹ್ನೆ ಇಟ್ಟಿದ್ದರೆ ಹಿಂದಿನದನ್ನೇ ಮುಂದುವರಿಸಿ ಎಂದರ್ಥ. ಬಾರ್‌ಗೆ ನಾಲ್ಕು ಓರೆ ಗೆರೆ ಮಾತ್ರ ಇದ್ದರೆ ಲಯ ಹಿಡಿದಿರಿ, ವಿವರ ನಿಮಗೆ ಬಿಟ್ಟದ್ದು. ಸಾಲಿನ ಮೇಲ್ಗಡೆ ಸಣ್ಣ ನೋಟ್‌ಗಳು ಕಂಡರೆ ಅವು ಇತರ ವಾದ್ಯಗಳು ಒಟ್ಟಾಗಿ ಎತ್ತಿ ನುಡಿಸುವ ಜಾಗಗಳು, ನೀವು ಅಲ್ಲಿ ಅವರಿಗೆ ಬೆಂಬಲ ಕೊಡಬೇಕು. ನೋಟಿನ ಉದ್ದ ನಮಗೆ ಲೆಕ್ಕಕ್ಕಿಲ್ಲ ಎಂದು ಮೇಲೆ ಹೇಳಿದೆನಲ್ಲ, ಇಲ್ಲಿ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ: ಅವರದು ಗಿಡ್ಡ ನೋಟ್ ಆದರೆ ನಿಮ್ಮದು ಸ್ನೇರ್‌ನಂಥ ಗಿಡ್ಡ ಸದ್ದು, ಅವರದು ಉದ್ದವಾದರೆ ಬಾಸ್ ಡ್ರಮ್ ಜೊತೆಗೆ ಕ್ರ್ಯಾಶ್.

ಅಭ್ಯಾಸದ ದಿನಕ್ಕೆ ಮೊದಲೇ ಹಾಳೆ ಕೇಳಿ ಪಡೆದುಕೊಳ್ಳಿ. ಸ್ಟಿಕ್ ಮುಟ್ಟುವ ಮುನ್ನ ಮೇಲಿಂದ ಕೆಳಗೆ ದಾರಿ ಮಾತ್ರ ನೋಡಿ: ಎಷ್ಟು ಬೀಟಿನ ಬಾರ್, ವೇಗ ಎಷ್ಟು, ಎರಡು ಚುಕ್ಕೆಯ ಪುನರಾವರ್ತನೆ ಎಲ್ಲಿಂದ ಎಲ್ಲಿಗೆ, ಮೊದಲ ಮತ್ತು ಎರಡನೆಯ ಮುಕ್ತಾಯ ಯಾವುದು, ಕೋಡಾಕ್ಕೆ (ರಚನೆಯ ಕೊನೆಯ ಭಾಗಕ್ಕೆ) ಎಲ್ಲಿ ಹಾರಬೇಕು. ದಾರಿ ತಪ್ಪಿದವನ ಲಯ ಎಷ್ಟು ಶುದ್ಧವಾಗಿದ್ದರೂ ಪ್ರಯೋಜನವಿಲ್ಲ. ಪೆನ್ಸಿಲಿನಿಂದ ಪ್ರತಿ ಎಂಟನೆಯ ಬಾರ್ ಮೇಲೆ ಸಂಖ್ಯೆ ಹಾಕಿ, ಕಠಿಣವಾದ ಒಂದೆರಡು ಬೀಟ್‌ಗಳ ಮೇಲೆ ತಕದಿಮಿಯ ಅಕ್ಷರಗಳನ್ನೇ ಬರೆದುಕೊಳ್ಳಿ. ಪಕ್ಕದವರು ನೋಡಿದರೆ ನೋಡಲಿ. ಪೆನ್ ಬೇಡ, ಅಭ್ಯಾಸದ ನಡುವೆ ನಿರ್ದೇಶಕರು ಬಾರ್‌ಗಳನ್ನು ಕತ್ತರಿಸುವುದೂ ಸೇರಿಸುವುದೂ ಇದ್ದೇ ಇರುತ್ತದೆ.